ಸಂಚಾರಿ ಮನೆಯ ಕಂಪ್ರೆಸರ್: ಪ್ರಯಾಣಕ್ಕೆ ಮುನ್ನ
(ಭಾಷಣದ ಪಾಠ)



ಬಸ್ಸಿನ ಚಾಸಿಯ ಮೇಲೆ ನಿರ್ಮಿಸಲಾದ ಸಂಚಾರಿ ಮನೆಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುವುದುಂಟು. ಅಂತಹ ವಾಹನವು ಮುಂಬಯಿ-ಪುಣೆ ದಾರಿಯ ಖಂಡಾಲಾ ಘಾಟಿಯನ್ನು ಇಳಿಯುವಾಗ ಒಳಗಿರುವವರ ಸುರಕ್ಷತೆಯು ಅದರ ಏರ್ ಬ್ರೇಕನ್ನೇ ಅವಲಂಬಿಸಿರುತ್ತದೆ.

ಎಂಜಿನ್ನಿನ ಶಕ್ತಿಯಿಂದ ನಡೆಯುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಟ್ಯಾಂಕುಗಳಲ್ಲಿ ತುಂಬುತ್ತದೆ. ನಿಗದಿತ ಒತ್ತಡವನ್ನು ಮುಟ್ಟಿದೊಡನೆ ಗವರ್ನರ್ ಈ ಕಾರ್ಯವನ್ನು ತಡೆಯುತ್ತದೆ. ಒತ್ತಲ್ಪಟ್ಟ ಗಾಳಿಯು ತಣಿದಾಗ ಅದರ ತೇವವು ನೀರಾಗುತ್ತದೆ. ಏರ್ ಡ್ರೈಯರ್ ಇದನ್ನು ಹೀರದಿದ್ದರೆ ಆ ನೀರು ಟ್ಯಾಂಕಿನ ತಳದಲ್ಲಿ ನಿಂತು, ಗಾಳಿಯ ಸಂಗ್ರಹವನ್ನು ಕುಗ್ಗಿಸಿ, ವಾಲ್ವುಗಳಿಗೆ ತುಕ್ಕು ಹಿಡಿಸುತ್ತದೆ.

ಆದುದರಿಂದ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ಡ್ರೈನ್ ವಾಲ್ವನ್ನು ತೆರೆದು ನೀರನ್ನು ಹೊರಬಿಡತಕ್ಕದ್ದು. ನೀರಿನೊಡನೆ ಎಣ್ಣೆಯೂ ಹೆಚ್ಚಾಗಿ ಬಂದಲ್ಲಿ ಕಂಪ್ರೆಸರಿನ ಪಿಸ್ಟನ್ ರಿಂಗುಗಳು ಸವೆದಿರಬಹುದು.

ಅನಂತರ ಗಾಳಿಯನ್ನು ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಬ್ರೇಕನ್ನು ಒತ್ತಿ ಹಿಡಿಯಬೇಕು. ಒತ್ತಿದೊಡನೆ ಒತ್ತಡಮಾಪಕದ ಮುಳ್ಳು ತುಸು ಇಳಿದು ನಿಲ್ಲುವುದು ಸಹಜ. ಇಳಿಯುತ್ತಲೇ ಹೋದರೆ ಎಲ್ಲಿಯೋ ಗಾಳಿ ಸೋರುತ್ತಿದೆ. ಕೊಳವೆಯ ಕೂಡುಗಳಿಗೆ ಸಾಬೂನಿನ ನೀರನ್ನು ಸವರಿದರೆ ಸೋರುವ ಸ್ಥಳದಲ್ಲಿ ಗುಳ್ಳೆಗಳು ಏಳುತ್ತವೆ.

ಈ ಪರೀಕ್ಷೆಗೆ ಬೇಕಾಗುವುದು ಕೆಲವೇ ನಿಮಿಷ. ದೋಷವು ನಿವಾರಣೆಯಾಗುವವರೆಗೆ ವಾಹನವು ಘಾಟಿಯತ್ತ ಹೊರಡದಿರುವುದೇ ಕ್ಷೇಮ.