ಗುಡಿಯ ಗ್ರೀವ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಜೀವಿಗಳ ಅಂಗರಚನೆ ಓದುವವರಿಗೆ ಗ್ರೀವ ಅಂದರೆ ಕತ್ತು. ಅದರೊಳಗಿನ ಮೂಳೆಗಳು ಹಸುವಿಗೂ 7, ಜಿರಾಫೆಗೂ 7, ನಮಗೂ 7. ಅದೇ ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು, ಯಲಹಂಕ, ದೇವನಹಳ್ಳಿ ದಾಟಿ, ನಂದಿ ಬೆಟ್ಟದ ಬುಡದ ಭೋಗನಂದೀಶ್ವರನ ಗುಡಿಗೆ ಹೋಗಿ. ಅಲ್ಲಿ ಕಲ್ಲಿಗೂ ಗ್ರೀವವಿದೆ.

9ನೆಯ ಶತಮಾನದಷ್ಟು ಹಳೆಯ ಗುಡಿ ಅದು. ಪಕ್ಕದಲ್ಲೇ ಅರುಣಾಚಲೇಶ್ವರ. ಎರಡಕ್ಕೂ ದ್ರಾವಿಡ ವಿಮಾನ, ಅಂದರೆ ಗರ್ಭಗುಡಿಯ ಇಡೀ ಕಟ್ಟಡ. ಶಿಲ್ಪಶಾಸ್ತ್ರ ವಿಮಾನಕ್ಕೆ 6 ಅಂಗ ಹೇಳುತ್ತದೆ: ಬುಡದ ಅಧಿಷ್ಠಾನ, ಗೋಡೆಯ ಪಾದ, ಸೂರಿನ ಪ್ರಸ್ತರ, ಗ್ರೀವ, ಶಿಖರ, ತುದಿಯ ಸ್ತೂಪಿ. ಜನರ ಕಣ್ಣು ಹೋಗುವುದು ಶಿಖರಕ್ಕೆ. ನನಗೆ ಮಾತ್ರ ಅದರ ಕೆಳಗಿನ ಗ್ರೀವವೇ ಸ್ಥಪತಿಯ ಜಾಣ್ಮೆಯ ಜಾಗ.

ಅಲ್ಲಿ ಅವನು ಕಲ್ಲನ್ನು ಒಳಕ್ಕೆ ಸರಿಸುತ್ತಾನೆ. ಕೆಳಗಿನ ತಲಗಳು, ಅಂದರೆ ಅಂತಸ್ತುಗಳು, ಅಗಲ, ಮೇಲಿನ ಶಿಖರ ದಪ್ಪ, ನಡುವೆ ಕಿರಿದಾದ ಕತ್ತು. ಬಿಸಿಲು ಏರಿದಾಗ ಶಿಖರದ ಅಂಚಿನ ನೆರಳು ಆ ಇಕ್ಕಟ್ಟಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಆಗ ನೋಡಿ, ಅಷ್ಟು ಭಾರದ ಕಲ್ಲು, ತುಂಬಿದ ಕೊಡ ಹೊತ್ತು ನೆಟ್ಟಗೆ ನಡೆಯುವ ಹೆಂಗಸಿನ ತಲೆಯ ಹಾಗೆ, ಹಗುರಾಗಿ ಎದ್ದು ನಿಂತಿರುತ್ತದೆ. ಗ್ರೀವ ಇಲ್ಲದಿದ್ದರೆ ಶಿಖರ ಹೆಗಲೊಳಗೆ ಹೂತುಹೋಗಿ ಗುಡಿ ಕುಳ್ಳಾಗುತ್ತಿತ್ತು. ಶಿವಾಲಯಗಳಲ್ಲಿ ಈ ಕತ್ತಿನ ಮೂಲೆಗಳಲ್ಲೇ ಪುಟ್ಟ ನಂದಿಗಳನ್ನು ಕೂರಿಸುವ ರೂಢಿ.

ಇದೇ ಉಪಾಯ ಬುಡದಲ್ಲೂ ಉಂಟು. ದ್ರಾವಿಡ ಅಧಿಷ್ಠಾನದಲ್ಲಿ ಉಬ್ಬಿದ ಕುಮುದದ ಮೇಲೆ, ಚಾಚಿದ ಕಪೋತದ ಕೆಳಗೆ, ಒಳಸರಿದ ಪಟ್ಟಿಯೊಂದು ಓಡುತ್ತದೆ. ಅದರ ಹೆಸರು ಕಂಠ, ಗಳ ಅಂತಲೂ ಅನ್ನುತ್ತಾರೆ. ಬೆರಳಿಟ್ಟು ಸವರಿದರೆ ಉಬ್ಬು, ತಗ್ಗು, ಮತ್ತೆ ಉಬ್ಬು. ನಮ್ಮ ಕಡೆಯ ಕಲ್ಲು ಬಲು ಗಡುಸು. ಅದರಲ್ಲಿ ಹೊಯ್ಸಳರ ಬಳಪದ ಕಲ್ಲಿನ ನಯಗಾರಿಕೆ ತರುವುದು ಕಷ್ಟ. ಇಂಥ ಉಬ್ಬುತಗ್ಗುಗಳಿಂದಲೇ ಗೋಡೆಗೆ ಜೀವ ಬರಬೇಕು. ಬರುತ್ತದೆ ಕೂಡ.

ನೋಡುವುದಕ್ಕೊಂದು ಕ್ರಮವಿದೆ. ಗೋಡೆಗೆ ಒತ್ತಿ ನಿಂತರೆ ಪ್ರಸ್ತರದ ಚಾಚು ಅಡ್ಡ ಬಂದು ಗ್ರೀವ ಕಾಣದು. ಮೊದಲು ಬಗ್ಗಿ ಬುಡದ ಕಂಠ ನೋಡಿಕೊಳ್ಳಿ. ಆಮೇಲೆ ಪ್ರಾಕಾರದ ಮೂಲೆಗೆ ಹಿಂದೆ ಸರಿದು ತಲೆಯೆತ್ತಿ.