ಹಳೆಯ ಕಾದಂಬರಿಗಳೂ ನಮ್ಮ ಮಕ್ಕಳೂ
(ವಾಚನ ಸಪ್ತಾಹದ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪಿ. ಎನ್. ಪಣಿಕ್ಕರ್ ಅವರ ನೆನಪಿಗಾಗಿ ಕೇರಳದ ಶಾಲೆಗಳೆಲ್ಲ ಜೂನ್ 19ರಂದು ವಾಚನ ದಿನವನ್ನು ಆಚರಿಸುತ್ತವೆ. ಕಾಸರಗೋಡಿನ ನಮ್ಮ ಈ ಕನ್ನಡ ಶಾಲೆಯಲ್ಲಿಯೂ ಪ್ರತಿಜ್ಞೆಯಾಗುತ್ತದೆ, ಪ್ರಬಂಧ ಸ್ಪರ್ಧೆಯಾಗುತ್ತದೆ. ಸಪ್ತಾಹ ಮುಗಿಯುತ್ತಲೇ ಗ್ರಂಥಾಲಯದ ಕಪಾಟಿಗೆ ಬೀಗ ಬೀಳುತ್ತದೆ. ಆ ಬೀಗದ ಕೈ ನಮ್ಮ ಮೇಜಿನಲ್ಲಿಯೇ ಇರುವುದರಿಂದ ಪರರನ್ನು ದೂರುವಂತಿಲ್ಲ. ಆದುದರಿಂದ ವಾಚನದ ಮಹಿಮೆಯನ್ನು ಕುರಿತ ಉಪನ್ಯಾಸವನ್ನು ಬದಿಗಿಟ್ಟು, ಎಂಟನೆಯ ತರಗತಿಯನ್ನು ದಾಟಿದ ಹುಡುಗ ಹುಡುಗಿಯರ ಕೈಗೆ ನಮ್ಮ ಹಳೆಯ ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಕೊಡಬೇಕೆಂಬ ಸಣ್ಣ ವಿಷಯವನ್ನಷ್ಟೇ ತಮ್ಮ ಮುಂದಿಡುತ್ತೇವೆ.

ಮೊದಲು ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಚುರುಕಾದ ಹುಡುಗನೊಬ್ಬ ಓದಲು ಪುಸ್ತಕ ಕೇಳಿ ಬಂದ. ಕನ್ನಡದ ಶ್ರೇಷ್ಠ ಕೃತಿಯನ್ನೇ ಕೊಡೋಣವೆಂಬ ಉತ್ಸಾಹದಲ್ಲಿ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಕೊಟ್ಟೆವು. 1936ರಲ್ಲಿ ಪ್ರಕಟವಾದ ಆ ಕಾದಂಬರಿಯ ಹಿರಿಮೆಯ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ ಅದರ ಗಾತ್ರವೇನು, ಅದರಲ್ಲಿ ಬರುವ ಜನರೆಷ್ಟು, ಕರಾವಳಿಯ ಮಗುವಿಗೆ ಮಲೆನಾಡಿನ ಆ ಬದುಕು ಎಷ್ಟು ಅಪರಿಚಿತ ಎಂಬುದನ್ನು ನಾವು ಯೋಚಿಸಲಿಲ್ಲ. ಹತ್ತು ದಿನಗಳಲ್ಲಿ ಪುಸ್ತಕ ಹಿಂದಿರುಗಿತು. "ಓದಿದೆಯಾ?" ಎಂದು ಕೇಳಿದುದಕ್ಕೆ ಹುಡುಗ ತಲೆ ತಗ್ಗಿಸಿದ. ನಾವು ಗದರಿಸಿದೆವು. ಆಮೇಲೆ ಅವನು ಶಾಲೆ ಬಿಡುವವರೆಗೂ ಆ ಕಪಾಟಿನ ಬಳಿ ಸುಳಿಯಲಿಲ್ಲ. ಒಳ್ಳೆಯ ಪುಸ್ತಕವನ್ನೇ ಕೊಟ್ಟು ಒಬ್ಬ ಓದುಗನನ್ನು ಕಳೆದುಕೊಂಡೆವು.

ಅಂದಿನಿಂದ ನಾವು ಅನುಸರಿಸುತ್ತಿರುವ ಕ್ರಮ ಬೇರೆ. ಮೊದಲು ಕೊಡುವುದು ಶಿವರಾಮ ಕಾರಂತರ 'ಚೋಮನ ದುಡಿ'. 1933ರ ಈ ಕಾದಂಬರಿ ಗಾತ್ರದಲ್ಲಿ ಕಿರಿದು. ಎರಡು ಭಾನುವಾರಗಳಲ್ಲಿ ಮುಗಿಯುತ್ತದೆ. ಅದರ ನೆಲ ನಮ್ಮದೇ ಹಳೆಯ ದಕ್ಷಿಣ ಕನ್ನಡದ ನೆಲ. ಮನೆಯಲ್ಲಿ ತುಳು ಆಡುವ ಮಗುವಿಗೆ ಅದರ ಹೆಸರುಗಳು ಹೊಸತಲ್ಲ. ಚೋಮನು ಅಸ್ಪೃಶ್ಯನೆಂದು ಎಣಿಸಲ್ಪಟ್ಟ ಜಾತಿಯಲ್ಲಿ ಹುಟ್ಟಿದ ಕೂಲಿಯಾಳು. ಅವನ ಬಳಿ ಸಾಕಿದ ಎತ್ತಿನ ಜೋಡಿಯಿದೆ, ಕೈಯಲ್ಲಿ ದುಡಿಯಿದೆ. ಉಳಲು ಒಂದು ತುಂಡು ನೆಲವಿಲ್ಲ. ಆ ನೆಲದ ಆಸೆಯಲ್ಲಿಯೇ ಅವನ ಬಾಳು ಸವೆಯುತ್ತದೆ.

ಇದನ್ನು ಓದಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮಾಸ್ಟ್ರೇ, ಧಣಿ ಸಂಕಪ್ಪಯ್ಯ ಕೆಟ್ಟವರಲ್ಲವಲ್ಲ, ಮತ್ತೆ ಚೋಮನಿಗೆ ಗದ್ದೆ ಯಾಕೆ ಕೊಡಲಿಲ್ಲ?" ಎಂದು ಕೇಳಿದಳು. ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಪಡಿಸಿದುದನ್ನೂ, ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡುದನ್ನೂ ನಾವು ವಿವರಿಸಿದೆವು. ಅವಳು ಕೇಳಿದ್ದು ಅದನ್ನಲ್ಲ. ಮನಸ್ಸಿನಲ್ಲಿ ಕನಿಕರವಿರುವ ಮನುಷ್ಯನೂ ತಾಯಿಯ ಮಾತಿಗೆ, ಊರಿನ ಕಟ್ಟಳೆಗೆ ಬಗ್ಗಿ ಅನ್ಯಾಯದ ಪಕ್ಷದಲ್ಲಿ ನಿಂತುಬಿಡುವುದು ಹೇಗೆ ಎಂಬುದು ಅವಳ ಪ್ರಶ್ನೆ. ಮರುದಿನ ಅದೇ ಪ್ರಶ್ನೆಯನ್ನು ಅವಳು ತನ್ನ ಅಜ್ಜನಿಗೂ ಕೇಳಿದಳಂತೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಬಾಲ್ಯದಲ್ಲಿ ಮನೆಯ ಅಂಗಳದಾಚೆ ನಿಲ್ಲುತ್ತಿದ್ದ ಆಳುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರಂತೆ. ನಮ್ಮ ಸಮಾಜಶಾಸ್ತ್ರದ ಪಾಠ ಆ ಜಗಲಿಯವರೆಗೆ ಎಂದೂ ಹೋಗಿರಲಿಲ್ಲ.

ಇಂತಹ ದುಃಖದ ಕಥೆಯನ್ನು ಮಕ್ಕಳಿಗೆ ಕೊಡಬಹುದೇ ಎಂದು ಕೆಲವು ಹೆತ್ತವರು ಶಂಕಿಸುತ್ತಾರೆ. ಕೊಡಬಹುದೆಂದೇ ನಮ್ಮ ಅಭಿಪ್ರಾಯ. ಹದಿನಾಲ್ಕರ ವಯಸ್ಸಿನವರಿಗೆ ಲೋಕದ ದುಃಖ ತಿಳಿದಿಲ್ಲವೆಂದು ಭಾವಿಸುವವರು ಹಿರಿಯರು ಮಾತ್ರ.

ಎರಡನೆಯದು ಕಾರಂತರದೇ 'ಬೆಟ್ಟದ ಜೀವ', 1943ರದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬ ಗೋಪಾಲಯ್ಯ ಮತ್ತು ಶಂಕರಿಯೆಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ. ಕಾಡನ್ನು ಕಡಿದು ತೋಟ ಮಾಡಿದ ಆ ಮುದುಕನ ಹುರುಪು ಅಡಿಕೆಯ ನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾದುದಲ್ಲ. ಮನೆ ಬಿಟ್ಟುಹೋದ ಮಗ ಶಂಭುವಿನ ನೆನಪು ಆ ಮನೆಯನ್ನು ಕೊರೆಯುತ್ತಿರುತ್ತದೆ. ಮಕ್ಕಳು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗಿ, ಮುದುಕರಿಬ್ಬರೇ ದೀಪ ಹಚ್ಚುವ ಮನೆಗಳು ನಮ್ಮ ಸುತ್ತ ಎಷ್ಟಿವೆ! ಈ ಪುಸ್ತಕವನ್ನು ಮಕ್ಕಳಿಗಿಂತ ಮೊದಲು ಹೆತ್ತವರು ಓದಿದರೂ ನಮ್ಮ ಆಕ್ಷೇಪವಿಲ್ಲ.

ಮೂರನೆಯದಾಗಿ ನಾವು ಹೇಳಬೇಕಾದ ಕೃತಿ ನಿರಂಜನರ 'ಚಿರಸ್ಮರಣೆ'. ಇದು 1955ರಲ್ಲಿ ಬಂದಿತು. ಇದರ ವಸ್ತು ಕಯ್ಯೂರಿನ ರೈತರ ಹೋರಾಟ. ಕಯ್ಯೂರು ಎಲ್ಲಿದೆಯೆಂದು ನಮ್ಮ ಮಕ್ಕಳಿಗೆ ಹೇಳಬೇಕಾಗಿಲ್ಲ. ಅದು ನಮ್ಮದೇ ಜಿಲ್ಲೆಯ ಹಳ್ಳಿ. 1941ರ ಮಾರ್ಚಿಯಲ್ಲಿ ಅಲ್ಲಿ ರೈತರ ಮೆರವಣಿಗೆಯ ಕಾಲಕ್ಕೆ ಒಬ್ಬ ಪೊಲೀಸನ ಸಾವಾಯಿತು. ಆ ಮೊಕದ್ದಮೆಯಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಈ ಸಂಗತಿಯನ್ನು ನಮ್ಮ ಮಕ್ಕಳು ಮಲಯಾಳದಲ್ಲಿ ಕೇಳಿರುತ್ತಾರೆ. 1986ರಲ್ಲಿ ಬಂದ ಲೆನಿನ್ ರಾಜೇಂದ್ರನ್ ಅವರ ಮಲಯಾಳ ಚಿತ್ರವನ್ನು ಕೆಲವರು ನೋಡಿಯೂ ಇದ್ದಾರೆ. ಆದರೆ ನೀಲೇಶ್ವರದಲ್ಲಿ ಓದಿದ ಒಬ್ಬ ಕನ್ನಡ ಲೇಖಕರು ಇದನ್ನು ಕಾದಂಬರಿಯಾಗಿ ಬರೆದಿದ್ದಾರೆಂದು ಹತ್ತನೆಯ ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಕನ್ನಡವೆಂದರೆ ಗಡಿಯಾಚೆಯ ಯಾವುದೋ ಊರಿನ ಭಾಷೆ, ನಮ್ಮ ಊರಿನ ಕಥೆಗಳೆಲ್ಲ ಬೇರೆ ಭಾಷೆಯವು ಎಂದು ಮಗು ತಿಳಿದರೆ, ಅದು ಕನ್ನಡವನ್ನು ಪರೀಕ್ಷೆಯವರೆಗೆ ಮಾತ್ರ ಹೊತ್ತುಕೊಂಡು ಹೋಗುತ್ತದೆ. ಅದಕ್ಕಾಗಿ ಈ ಪುಸ್ತಕ ಬೇಕು.

ಲೇಖಕರು ರೈತರ ಪಕ್ಷದಲ್ಲಿ ನಿಂತೇ ಬರೆದಿದ್ದಾರೆಂಬುದನ್ನೂ ಮಕ್ಕಳಿಗೆ ತಿಳಿಸಿ ಕೊಡುತ್ತೇವೆ. ಅದರಿಂದ ಪುಸ್ತಕದ ಬೆಲೆ ಕುಗ್ಗುವುದಿಲ್ಲ. ಓದುವವರ ಎಚ್ಚರ ಹೆಚ್ಚುತ್ತದೆ. ಅದರಲ್ಲಿ ಒಬ್ಬ ಶಾಲಾ ಮಾಸ್ತರರೂ ಇದ್ದಾರೆ. ಅವರನ್ನು ಕುರಿತು ಓದುವಾಗ ಬೀಗದ ಕೈಯ ಒಡೆಯರಾದ ನಮಗೆ ಸ್ವಲ್ಪ ಸಂಕೋಚವಾಗುತ್ತದೆ.

ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದು. ಬಾಲವಿಧವೆ ಓದಿ, ಮರುಮದುವೆಯಾಗುವ ಕಥೆ. ಭಾಷೆ ಹಳೆಯದಾದುದರಿಂದ ಹೈಯರ್ ಸೆಕೆಂಡರಿಯವರಿಗಿರಲಿ. ಮಾಸ್ತಿಯವರ 'ಚಿಕವೀರ ರಾಜೇಂದ್ರ'ನನ್ನು ಇತಿಹಾಸದಲ್ಲಿ ಆಸಕ್ತಿಯಿದ್ದವರು ತಾವಾಗಿಯೇ ಹುಡುಕಿ ಬರುತ್ತಾರೆ. 'ಕಾನೂರು ಹೆಗ್ಗಡಿತಿ'ಯೂ ಅದೇ ಅಟ್ಟದಲ್ಲಿದೆ. ಕೇಳಿದವರಿಗೆ ಕೊಡುತ್ತೇವೆ, ನಾವಾಗಿ ಕೊಡುವುದಿಲ್ಲ.

ಕಾದಂಬರಿ ಓದಿದರೆ ಅಂಕ ಹೆಚ್ಚುವುದೇ ಎಂದು ಹೆತ್ತವರು ಕೇಳುವುದುಂಟು. ಹೆಚ್ಚುವುದೆಂದು ಆಣೆ ಮಾಡಿ ಹೇಳಲಾರೆವು. ಆದರೆ ಓದುತ್ತಿರುವ ಮಗುವಿನ ಕೈಯಿಂದ ಪುಸ್ತಕವನ್ನು ಕಸಿದುಕೊಳ್ಳಬೇಡಿರೆಂದೂ, ಓದದೆ ಬಿಟ್ಟ ಪುಸ್ತಕಕ್ಕಾಗಿ ಗದರಿಸಬೇಡಿರೆಂದೂ ಬೇಡಿಕೊಳ್ಳುತ್ತೇವೆ. ನಡುವೆ ಪುಟ ಹಾರಿಸಿದರೆ ಹಾರಿಸಲಿ.

ಇನ್ನು ಮುಂದೆ ಪ್ರತಿ ಶುಕ್ರವಾರ ಸಂಜೆ ಕಪಾಟು ತೆರೆದಿರುತ್ತದೆ. ಹೆತ್ತವರೂ ಪುಸ್ತಕ ಒಯ್ಯಬಹುದು. ರಿಜಿಸ್ತ್ರಿನಲ್ಲಿ ಸಹಿ ಮಾಡಿದರೆ ಸಾಕು. 'ಚೋಮನ ದುಡಿ'ಯ ಎರಡು ಪ್ರತಿಗಳಿವೆ. 'ಚಿರಸ್ಮರಣೆ' ಇರುವುದು ಒಂದೇ, ಅದರ ಕೊನೆಯ ಹಾಳೆಗಳು ಸಡಿಲವಾಗಿವೆ. ಒಯ್ಯುವವರು ಜೋಪಾನವಾಗಿ ಹಿಡಿಯಬೇಕು.