ಮಣ್ಣಿನಡಿಯ ಕಬ್ಬಿಣದ ಲೆಕ್ಕ

ಅಂತರ್ಜಲದ ಬಗ್ಗೆ ಚಾರ್ಟರ್ಡ್ ಅಕೌಂಟೆಂಟ್ ಏನು ಮಾತಾಡಿಯಾನು ಎಂದು ಕೆಲವರಿಗೆ ಅನ್ನಿಸಿರಬಹುದು. ಕೆಟ್ಟ ನೀರಿನ ಖರ್ಚು ಒಂದಲ್ಲ ಒಂದು ದಿನ ಯಾರದೋ ಲೆಕ್ಕದ ಪುಸ್ತಕಕ್ಕೆ ಬಂದೇ ಬರುತ್ತದೆ. ಯಾರದು ಅನ್ನುವುದೇ ಇವತ್ತಿನ ಮಾತು.

ಕುವೈತಿನ ಉತ್ತರದಲ್ಲಿ ರೌದತೈನ್, ಉಮ್ಮ್ ಅಲ್-ಐಶ್ ಎಂಬಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರಿನ ಪದರವಿದೆ. ಈ ನಾಡಿನ ಸಿಹಿ ಅಂತರ್ಜಲ ಹೆಚ್ಚುಕಡಿಮೆ ಅಷ್ಟೇ. 1991ರಲ್ಲಿ 600ಕ್ಕೂ ಹೆಚ್ಚು ತೈಲಬಾವಿಗಳು ಹೊತ್ತಿ ಉರಿದಾಗ, ಚೆಲ್ಲಿದ ಎಣ್ಣೆಯೂ ಬೆಂಕಿ ಆರಿಸಲು ಸುರಿದ ಸಮುದ್ರದ ನೀರೂ ಅಲ್ಲಿಗಿಳಿದವು.

ಅದೇ 1991ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಬೋರ್ಡನ್‌ನಲ್ಲಿ ಒಂದು ಪ್ರಯೋಗ ಹೂಡಿದರು. ಅಂತರ್ಜಲ ಹರಿಯುವ ದಾರಿಗೆ ಅಡ್ಡಲಾಗಿ ನೆಲದೊಳಗೆ ಕಬ್ಬಿಣದ ಚೂರು ಬೆರೆಸಿದ ಮರಳು ತುಂಬಿದರು. ಗೋಡೆಯ ಮೂಲಕ ನೀರು ಹಾದುಹೋಗುತ್ತದೆ, ವಿಷ ಅಲ್ಲೇ ರೂಪ ಬದಲಿಸುತ್ತದೆ. ನಮ್ಮ ವೃತ್ತಿಯವರ ಭಾಷೆಯಲ್ಲಿ ಇದು ಶುದ್ಧ ಜಮಾ-ಖರ್ಚು: ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ತಾನು ತುಕ್ಕು ಹಿಡಿಯುತ್ತದೆ, ಪಡೆದ ಟ್ರೈಕ್ಲೋರೋಎಥಿಲೀನ್ ತನ್ನ ಕ್ಲೋರಿನ್ ಬಿಟ್ಟುಕೊಡುತ್ತದೆ, ವಿಷಕಾರಿ ಕ್ರೋಮಿಯಂ ನೀರಿನಲ್ಲಿ ಕರಗದ ರೂಪಕ್ಕೆ ಬಂದು ಕೂರುತ್ತದೆ. 1996ರಲ್ಲಿ ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ ಇಂಥ ಗೋಡೆ ಕಟ್ಟಿದರು. 46 ಮೀಟರ್ ಉದ್ದ, ಸುಮಾರು 7 ಮೀಟರ್ ಆಳ, ಬರೀ 60 ಸೆಂಟಿಮೀಟರ್ ದಪ್ಪ. ಪಂಪಿಲ್ಲ, ಕರೆಂಟ್ ಬಿಲ್ಲಿಲ್ಲ.

ಹಾಗಾದರೆ ರೌದತೈನ್‌ಗೂ ಒಂದು ಹಾಕಬಹುದಲ್ಲ? ಆಗದು. ಎಣ್ಣೆಯಲ್ಲಿನ ಬೆಂಜೀನಿನಂಥವು ಕಬ್ಬಿಣಕ್ಕೆ ಜಗ್ಗುವುದಿಲ್ಲ, ಉಪ್ಪು ಹಾಗೇ ದಾಟಿಹೋಗುತ್ತದೆ. ಆದರೆ ಕುವೈತಿಗೆ ಖರ್ಚು ಕೊಡುವವರಿದ್ದರು. ವಿಶ್ವಸಂಸ್ಥೆಯ ಪರಿಹಾರ ಆಯೋಗ ಇರಾಕಿನ ತೈಲದ ಆದಾಯದಿಂದ ಒಟ್ಟು 52.4 ಶತಕೋಟಿ ಡಾಲರ್ ಪರಿಹಾರ ಕೊಡಿಸಿತು. ಕೊನೆಯ ಕಂತು ಸಂದದ್ದು 2022ರ ಜನವರಿಯಲ್ಲಿ. ಈ ಅಂತರ್ಜಲದ ಕ್ಲೇಮೂ ಅದರಲ್ಲಿತ್ತು.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ರಾಣಿಪೇಟೆಗೆ ಆ ಭಾಗ್ಯವಿಲ್ಲ. ಕ್ರೋಮಿಯಂ ಅಲ್ಲಿನ ಅಂತರ್ಜಲದಲ್ಲಿದೆ, ಅಂದರೆ ಕಬ್ಬಿಣಕ್ಕೆ ಒಗ್ಗುವ ಕಾಯಿಲೆ. ಆದರೆ ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲೇ ಮುಚ್ಚಿತು, ತ್ಯಾಜ್ಯದ ಗುಡ್ಡ ಊರಿಗೆ ಉಳಿಯಿತು. ಇಂಥ ಗೋಡೆಗೆ ಬಹುಪಾಲು ದುಡ್ಡು ಮೊದಲ ದಿನವೇ ಬೇಕು. ಆಮೇಲೂ ಪುಕ್ಕಟೆಯೇನಲ್ಲ: ಸುಣ್ಣ ಕಟ್ಟಿಕೊಂಡು ರಂಧ್ರ ಮುಚ್ಚೀತು, ನೀರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು. ಬಾಗಿಲು ಹಾಕಿದ ಕಂಪನಿ ಇದಕ್ಕೆಲ್ಲ ಎಲ್ಲಿಂದ ತಂದೀತು?

ಹೊಣೆ ಬಿದ್ದಾಗಲೇ, ಕಾರ್ಖಾನೆ ಓಡುತ್ತಿರುವಾಗಲೇ, ಅಂದಾಜು ಮೊತ್ತವನ್ನು ಲೆಕ್ಕದಲ್ಲಿ ತೋರಿಸಬೇಕೆಂದು ಐಎಎಸ್ 37 ಹೇಳುತ್ತದೆ. ಸಭೆಯಲ್ಲಿರುವ ಆಡಿಟರ್ ಮಿತ್ರರೇ, ರಾಸಾಯನಿಕ ಕಾರ್ಖಾನೆಯ ಬ್ಯಾಲೆನ್ಸ್ ಶೀಟ್‌ಗೆ ಸಹಿ ಹಾಕುವ ಮೊದಲು ಅದರ ಅಂಗಳದ ಬೋರ್‌ವೆಲ್ ನೀರಿನ ವರದಿ ಕೇಳಿ ತರಿಸಿಕೊಳ್ಳಿ.